ಊರು ಬಿಟ್ಟವರು, ಊರಲ್ಲೇ ಉಳಿದವರು



ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಿನ ಮೂರು ತಾಲ್ಲೂಕುಗಳ ಮಾತು ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರ. ಈ ಮೂರನ್ನೂ ಅಡಿಕೆ ಒಂದಾಗಿ ಹಿಡಿದಿಟ್ಟಿದೆ. ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ 1923ರಲ್ಲಿ ಹುಟ್ಟಿತು. ಜನ ಅದನ್ನು ಟಿ.ಎಸ್.ಎಸ್. ಎಂದೇ ಕರೆಯುತ್ತಾರೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿತು. ಹೆಸರು ಶಿರಸಿಯದಾದರೂ ಆ ಮಾನ್ಯತೆ ಮೂರೂ ತಾಲ್ಲೂಕುಗಳ ಅಡಿಕೆಗೆ ಸೇರಿದ್ದು.

ದೊಡ್ಡವರನ್ನು ಅಡಿಕೆ ಸೇರಿಸಿತು. ಮಕ್ಕಳನ್ನು ಸೇರಿಸಿದ್ದು ಕಾಲೇಜು. ಆ ಮಕ್ಕಳು ಓದು ಮುಗಿಸಿ, ದಿಕ್ಕಿಗೊಬ್ಬರಾಗಿ, ಇಪ್ಪತ್ತೈದು ಮೂವತ್ತು ವರ್ಷಗಳ ಮೇಲೆ ಮತ್ತೆ ಒಂದು ದಿನ ಸೇರುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಮ್ಮಿಲನ ಎಂದು ಬ್ಯಾನರ್ ಕಟ್ಟುತ್ತಾರೆ. ಅಲ್ಲಿಗೆ ಹೋದವರು ಏನು ಕಲಿತು ಬರುತ್ತಾರೆ? ಇವತ್ತಿನ ಮಾತು ಅಷ್ಟಕ್ಕೇ ಸೀಮಿತ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಸೀಮೆಯಲ್ಲಿ ಕಾಲೇಜೇ ಇಲ್ಲದ ಕಾಲವೊಂದಿತ್ತು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು. ಹುಟ್ಟಿದ್ದು 1926ರಲ್ಲಿ. ಅವರು ಓದಿದ್ದು ಕಾಶಿ ವಿದ್ಯಾಪೀಠದಲ್ಲಿ, ಕಾನೂನು ಪದವಿ ಪಡೆದದ್ದು ಲಖನೌದಲ್ಲಿ. ಅನುಕೂಲವಿದ್ದ ಮನೆಯ ಹುಡುಗ ಅಷ್ಟು ದೂರ ಹೋದ. ಅನುಕೂಲವಿಲ್ಲದವರಿಗೆ ಓದು ಹೈಸ್ಕೂಲಿಗೇ ಮುಗಿಯುತ್ತಿತ್ತು. ಧಾರವಾಡದ ಕರ್ನಾಟಕ ಕಾಲೇಜು 1917ರಷ್ಟು ಹಳೆಯದು, ನಿಜ. ಆದರೆ ಶಿರಸಿಯಿಂದ ಧಾರವಾಡ ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಉಳಿಯಲು ಮನೆ ಬೇಕು, ಊಟಕ್ಕೆ ಹಣ ಬೇಕು.

ಕರ್ನಾಟಕ ವಿಶ್ವವಿದ್ಯಾಲಯ ಶುರುವಾದದ್ದು 1949ರಲ್ಲಿ. ಘಟ್ಟದ ಕೆಳಗಿನ ಕುಮಟಾದಲ್ಲಿ ಕಾಲೇಜು ಬಂದದ್ದೂ ಹೆಚ್ಚುಕಡಿಮೆ ಆಗಲೇ. 1956ರಲ್ಲಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1960ರ ದಶಕದಲ್ಲಿ ಶಿರಸಿಯಲ್ಲಿ ಮಾಡರ್ನ್ ಎಜುಕೇಶನ್ ಸೊಸೈಟಿಯ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜು ತೆರೆಯಿತು. ಸಿದ್ದಾಪುರದಲ್ಲಿ ಎಂ.ಜಿ.ಸಿ. ಕಾಲೇಜು ಇದೆ. ಪೂರ್ತಿ ಹೆಸರು ಮಹಾತ್ಮಾ ಗಾಂಧಿ ಶತಾಬ್ದಿ ಕಾಲೇಜು. ಯಲ್ಲಾಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ.

ಈ ಕಾಲೇಜುಗಳು ಮಾಡಿದ ಕೆಲಸ ಪರೀಕ್ಷೆಯ ಫಲಿತಾಂಶಗಳಲ್ಲಿ ಕಾಣುವುದಿಲ್ಲ. ಇಲ್ಲಿಯ ಹಳ್ಳಿಗಳು ಒತ್ತಾಗಿಲ್ಲ. ಒಂದು ಕಣಿವೆಯಲ್ಲಿ ನಾಲ್ಕು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನು ಮೂರು. ನಡುವೆ ತೋಟ, ಸೊಪ್ಪಿನ ಬೆಟ್ಟ, ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ದಡದ ಮನೆಯೂ ದೂರದ ಊರೇ. ಅಂಥ ಮನೆಗಳ ಮಕ್ಕಳು ಹದಿನೇಳು ಹದಿನೆಂಟರ ವಯಸ್ಸಿಗೆ ಬೆಳಗಿನ ವಸ್ತಿ ಬಸ್ ಹಿಡಿದು ಪೇಟೆಗೆ ಬಂದರು. ಹವ್ಯಕರ ಹುಡುಗ, ದೀವರ ಹುಡುಗ, ಕೊಂಕಣಿ ಮಾತಾಡುವ ಪೇಟೆಯ ಹುಡುಗಿ, ಮುಸ್ಲಿಂ ವ್ಯಾಪಾರಿಯ ಮಗ ಒಂದೇ ತರಗತಿಯಲ್ಲಿ ಕೂತರು. ಒಬ್ಬರ ಡಬ್ಬಿಯ ಊಟ ಇನ್ನೊಬ್ಬರು ತಿಂದರು. ಎಷ್ಟೋ ಮನೆಗಳಲ್ಲಿ ಅದಕ್ಕೂ ಮೊದಲು ಆಗದ ಸಂಗತಿ ಅದು.

ಆಮೇಲೆ ಆ ತರಗತಿ ಎರಡಾಯಿತು. ಒಂದು ಭಾಗ ಹುಬ್ಬಳ್ಳಿ, ಬೆಂಗಳೂರು, ಮುಂಬಯಿಗೆ ಹೋಯಿತು. ಅಲ್ಲಿಂದ ಕೆಲವರು ವಿದೇಶಕ್ಕೂ ಹೋದರು. ಇನ್ನೊಂದು ಭಾಗ ಊರಲ್ಲೇ ಉಳಿಯಿತು. ತೋಟ ನೋಡಿಕೊಂಡಿತು, ಸೊಸೈಟಿಯಲ್ಲಿ ಲೆಕ್ಕ ಬರೆಯಿತು, ಶಾಲೆಯಲ್ಲಿ ಪಾಠ ಹೇಳಿತು, ಅಂಗಡಿ ಇಟ್ಟಿತು.

ಕೇಳುಗರೆ, ಇಲ್ಲಿಯವರೆಗಿನ ಮಾತು ಇಷ್ಟು. ಕಾಲೇಜು ಚದುರಿದ ಮನೆಗಳ ಮಕ್ಕಳನ್ನು ಸೇರಿಸಿತು. ಉದ್ಯೋಗ ಅವರನ್ನು ಮತ್ತೆ ಚದುರಿಸಿತು. ಈಗ ಸಮ್ಮಿಲನದ ದಿನಕ್ಕೆ ಬರೋಣ.

ಸಮ್ಮಿಲನದ ಮೊದಲ ಪಾಠ ಅದು ನಡೆಯುವ ಮುಂಚೆಯೇ ಸಿಗುತ್ತದೆ, ದಿನಾಂಕ ಗೊತ್ತುಮಾಡುವಾಗ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಚರ್ಚೆ ಶುರುವಾಗುತ್ತದೆ. ಬೆಂಗಳೂರಿನವರಿಗೆ ಡಿಸೆಂಬರ್ ಕೊನೆಯ ವಾರ ಅನುಕೂಲ. ಕ್ರಿಸ್‌ಮಸ್ ರಜೆ ಇರುತ್ತದೆ, ವಿದೇಶದಿಂದಲೂ ಕೆಲವರು ಬಂದಿರುತ್ತಾರೆ. ಗುಂಪಿನಲ್ಲಿ ಹೆಚ್ಚು ಮಾತಾಡುವವರು ಅವರೇ. ಹಾಗಾಗಿ ದಿನ ನಿಶ್ಚಯವಾಗುತ್ತದೆ. ಡಿಸೆಂಬರ್ ಎಂದರೆ ಈ ಸೀಮೆಯಲ್ಲಿ ಕೊನೆಕೊಯ್ಲಿನ ಕಾಲ. ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ. ಅವರು ಕೊಟ್ಟ ದಿನ ಕೊಯ್ಯಬೇಕು. ಅವತ್ತೇ ಅಡಿಕೆ ಸುಲಿಯುವವರು ಬರಬೇಕು, ಬೇಯಿಸುವ ಒಲೆ ಹೊತ್ತಬೇಕು. ಊರಲ್ಲಿರುವ ಸಹಪಾಠಿ ಆ ದಿನ ತೋಟ ಬಿಟ್ಟು ಹೇಗೆ ಬಂದಾನು? ಮೇ ತಿಂಗಳಿಗೆ ಹಾಕಿದರೆ ಮದುವೆ, ಉಪನಯನಗಳ ಸಾಲು. ಜೂನ್ ಬಂತೆಂದರೆ ಮಳೆ. ಮಳೆಯ ನಡುವೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸುವ ಚಿಂತೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಸುಮಾರಿಗೆ ಇಟ್ಟರೆ ಊರವರ ಮನೆ ತುಂಬ ನೆಂಟರು.

ಎಲ್ಲರಿಗೂ ಹೊಂದುವ ದಿನ ಸಿಗುವುದು ಸುಲಭವಲ್ಲ. ಆದರೆ ಕೇಳಿದರೆ ಸಿಗುತ್ತದೆ. ಎಷ್ಟೋ ಸಮ್ಮಿಲನಗಳಲ್ಲಿ ಊರವರು ಕಡಿಮೆ ಬರುವುದಕ್ಕೆ ಕಾರಣ ಅವರಿಗೆ ಮನಸ್ಸಿಲ್ಲದ್ದಲ್ಲ. ಅವರನ್ನು ದಿನ ಕೇಳಲಿಲ್ಲ, ಅಷ್ಟೇ. ಎಷ್ಟೋ ಕೇರಿಗಳಲ್ಲಿ ಇವತ್ತಿಗೂ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಇಲ್ಲಿಯ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದನ್ನು ನಾಡೆಲ್ಲ ಕೇಳಿದೆ. ಅಂಥ ಕಡೆ ಇರುವವರನ್ನು ಗುಂಪಿನ ಸಂದೇಶ ಒಂದರಿಂದಲೇ ಕರೆದೆವೆಂದು ತಿಳಿಯುವುದು ತಪ್ಪು. ಹಿಂದಿನವರು ಮದುವೆಗೆ ಮನೆಮನೆಗೆ ಹೋಗಿ ಕರೆಯುತ್ತಿದ್ದರು. ಆ ಪದ್ಧತಿ ಇಲ್ಲಿಗೂ ಬೇಕು.

ಕರೆಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಹೆಣ್ಣುಮಕ್ಕಳ ಮಾತು.

ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ತಂದೆಯ ಹೆಸರಿತ್ತು, ತವರೂರಿತ್ತು. ಮದುವೆಯಾಯಿತು. ಊರು ಬದಲಾಯಿತು, ಅಡ್ಡಹೆಸರು ಬದಲಾಯಿತು. ಕೆಲವು ಮನೆಗಳಲ್ಲಿ ಹೆಸರೇ ಬದಲಾಯಿತು. ಮೂವತ್ತು ವರ್ಷದ ಮೇಲೆ ಅವಳನ್ನು ಹುಡುಕುವುದು ಹೇಗೆ? ಗಂಡಸರ ಪಟ್ಟಿ ಒಂದು ವಾರದಲ್ಲಿ ತಯಾರಾಗುತ್ತದೆ. ಹೆಂಗಸರ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಹುಡುಕಿದವರು ಹೇಳುವ ದಾರಿ ಒಂದೇ. ತವರುಮನೆಗೆ ಹೋಗಬೇಕು. ಅಣ್ಣ, ಅತ್ತಿಗೆ ಯಾರಾದರೂ ಇರುತ್ತಾರೆ. ಅವರ ಹತ್ತಿರ ನಂಬರ್ ಇರುತ್ತದೆ.

ಹಾಗೆ ಸಿಕ್ಕಿ ಬಂದ ಮಹಿಳೆಯರು ಸಮ್ಮಿಲನದ ಬಣ್ಣವನ್ನೇ ಬದಲಿಸುತ್ತಾರೆ. ಎಷ್ಟೋ ವರ್ಷಗಳಿಂದ ಅವರನ್ನು ಯಾರದೋ ಹೆಂಡತಿ, ಯಾರದೋ ಅಮ್ಮ ಎಂದೇ ಪರಿಚಯಿಸುತ್ತ ಬಂದಿದ್ದಾರೆ. ಅವತ್ತು ತಮ್ಮದೇ ಹೆಸರಿನಿಂದ ಕರೆಸಿಕೊಳ್ಳುತ್ತಾರೆ. ಆ ಕಾಲದಲ್ಲಿ ಹುಡುಗ ಹುಡುಗಿಯರು ಮಾತಾಡುವುದೇ ಕಡಿಮೆ ಇತ್ತು. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತೂ ಒಂದು ಮಾತಾಡದವರು ಐವತ್ತರ ಮೇಲೆ ಮೊದಲ ಬಾರಿ ಕುಳಿತು ಮಾತಾಡುತ್ತಾರೆ. ಯಾರಿಗೆ ಗಣಿತ ಚೆನ್ನಾಗಿ ಬರುತ್ತಿತ್ತು, ಯಾರು ಮದುವೆಯಾಯಿತೆಂದು ಕೊನೆಯ ವರ್ಷದ ಪರೀಕ್ಷೆಯನ್ನೇ ಬಿಟ್ಟರು, ಇಂಥದ್ದೆಲ್ಲ ಆಗ ಹೊರಗೆ ಬರುತ್ತದೆ. ಪರೀಕ್ಷೆ ಬಿಟ್ಟವರಿಗೆ ಕರೆಯೋಲೆ ಹೋಗುವುದೇ ಅಪರೂಪ. ಅವರು ‘ಪದವೀಧರ’ರಲ್ಲವಲ್ಲ! ಅದು ದೊಡ್ಡ ಅನ್ಯಾಯ. ತರಗತಿಯಲ್ಲಿ ಕೂತವರೆಲ್ಲ ಸಹಪಾಠಿಗಳೇ.

ಇನ್ನೂ ಒಂದು ಹೆಜ್ಜೆ ಮುಂದಿಡಬೇಕು. ತರಗತಿಯಲ್ಲಿ ಕೂರಲು ಬಾರದೇ ಹೋದವರೂ ಇದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ ಸೀಮೆಯ ಕಾಡಿನಂಚಿನಲ್ಲಿ ಸಿದ್ದಿ ಸಮುದಾಯವಿದೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅವರು ತಮ್ಮ ಸಮುದಾಯದ ಮೊದಲ ಪದವೀಧರರಲ್ಲಿ ಒಬ್ಬರು. ಅವರ ವಯಸ್ಸಿನ ಉಳಿದ ಸಿದ್ದಿ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಬಹಳ ಕಡಿಮೆ. ಹಳೆಯ ಗ್ರೂಪ್ ಫೋಟೋ ಕೈಗೆ ಬಂದಾಗ ಅದರಲ್ಲಿ ಯಾರಿದ್ದಾರೆ ಎಂದು ನೋಡುವುದರ ಜೊತೆಗೆ ಯಾರಿಲ್ಲ ಎಂದೂ ನೋಡಬೇಕು. ಈಗಿನ ತರಗತಿಗಳಲ್ಲಿ ಆ ಮಕ್ಕಳು ಇದ್ದಾರೆ. ಹಳೆಯ ವಿದ್ಯಾರ್ಥಿಗಳು ಸಹಾಯ ಮಾಡಲು ಹೊರಟರೆ ಶುರುಮಾಡಬೇಕಾದ ಜಾಗ ಅದು.

ಇಲ್ಲಿಯವರೆಗೆ ಯಾರನ್ನು ಕರೆಯಬೇಕು ಎಂಬ ಮಾತಾಯಿತು. ಊರಲ್ಲಿ ಉಳಿದವರು, ಹೆಣ್ಣುಮಕ್ಕಳು, ಓದು ನಡುವೆ ಬಿಟ್ಟವರು. ಈಗ ಬಂದವರು ಏನು ಮಾತಾಡುತ್ತಾರೆ ಎಂದು ಕೇಳೋಣ.

ಬೆಳಿಗ್ಗೆ ಹತ್ತರ ಸುಮಾರಿಗೆ ಕಾಲೇಜಿನ ಅಂಗಳ ತುಂಬುತ್ತದೆ. ಮೊದಲ ಅರ್ಧ ಗಂಟೆ ಗುರುತು ಹಿಡಿಯುವುದರಲ್ಲೇ ಹೋಗುತ್ತದೆ. ಮುಖದಿಂದ ಸಿಗದ ಗುರುತು ದನಿಯಿಂದ ಸಿಗುತ್ತದೆ. ಆಮೇಲಿನ ಪ್ರಶ್ನೆ ಒಂದೇ. “ಎಂತ ಮಾಡ್ತಿದ್ದೆ ಈಗ?” ಈ ಪ್ರಶ್ನೆಗೆ ಹೊರಗಿನಿಂದ ಬಂದವರ ಹತ್ತಿರ ಸಿದ್ಧ ಉತ್ತರವಿರುತ್ತದೆ. ಕಂಪನಿ, ಹುದ್ದೆ, ಊರು. ತೋಟದವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. “ಮನೆಲ್ಲೇ ಇದ್ದೆ ಮಾರಾಯ.”

ಮಾತು ಅಲ್ಲಿಗೇ ನಿಂತರೆ ಆ ಸಮ್ಮಿಲನ ಫಲಿಸಲಿಲ್ಲ ಎಂದೇ ಅರ್ಥ. ಮನೆಯಲ್ಲೇ ಇದ್ದವನ ಹತ್ತಿರ ಮೂವತ್ತು ವರ್ಷದ ಕತೆ ಇದೆ. ಎಲೆಚುಕ್ಕಿ ರೋಗಕ್ಕೆ ತೋಟ ಹಳದಿಗಟ್ಟಿದ್ದನ್ನು ಅವನು ಕಂಡಿದ್ದಾನೆ. ಅಡಿಕೆಯ ದರ ಏರಿ ಇಳಿದ ವರ್ಷಗಳನ್ನು ದಾಟಿದ್ದಾನೆ. ಅಷ್ಟೇ ಅಲ್ಲ. ಬೆಂಗಳೂರಿಗೆ ಹೋದ ಗೆಳೆಯನ ಅಪ್ಪ ಅಮ್ಮನನ್ನು ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಬಹಳ ಸಲ ಇವನೇ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಇರುವವರು ವಯಸ್ಸಾದ ಇಬ್ಬರು ಮಾತ್ರ. ಅವರ ಗ್ಯಾಸ್ ಸಿಲಿಂಡರ್, ಔಷಧಿ, ಬ್ಯಾಂಕ್ ಕೆಲಸ ಎಲ್ಲಕ್ಕೂ ಊರಲ್ಲಿ ಉಳಿದವರೇ ಆಸರೆ. ಸಮ್ಮಿಲನದಲ್ಲಿ ಇದು ಬಾಯಿಬಿಟ್ಟು ಹೇಳಬೇಕಾದ ಮಾತು. ಹೇಳಬೇಕಾದವರು ಊರು ಬಿಟ್ಟವರು.

ಊರು ಬಿಟ್ಟವರ ಹಾದಿಯೂ ಹಗುರವಾಗಿರಲಿಲ್ಲ. ಬಾಡಿಗೆ ಮನೆ, ಅರಿಯದ ಭಾಷೆ, ಹೋದ ಕೆಲಸ, ಮಕ್ಕಳಿಗೆ ಊರಿನ ಮಾತು ಬಾರದ ನೋವು. ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು, ಜಗುಲಿಯಲ್ಲಿ ಕೂತು ಕೆಲಸ ಮಾಡಿ, ಮತ್ತೆ ನಗರಕ್ಕೆ ಹೋಗಲೋ ಬೇಡವೋ ಎಂದು ಒದ್ದಾಡಿದವರು ಬಹಳ. ಅವರಲ್ಲಿ ಕೆಲವರು ಹಿಂದಿರುಗಲೇ ಇಲ್ಲ. ಎರಡೂ ಕಡೆಯವರು ಮನಬಿಚ್ಚಿ ಹೇಳಿಕೊಂಡಾಗ ಒಂದು ತಿಳಿವಳಿಕೆ ಬರುತ್ತದೆ. ಯಾರು ಗೆದ್ದರು, ಯಾರು ಸೋತರು ಎಂಬ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಇಂಥ ಮಾತುಕತೆಯ ಬೆಲೆ ಏನು ಎಂಬುದನ್ನು ವಿದ್ವಾಂಸರೂ ಅಳೆದು ನೋಡಿದ್ದಾರೆ. ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಒಂದು ಅಧ್ಯಯನ ಶುರುವಾಯಿತು. ಸುಮಾರು 270 ಕಾಲೇಜು ಯುವಕರನ್ನು ಆರಿಸಿಕೊಂಡು, ಅವರ ಜೀವನವಿಡೀ ಆರೋಗ್ಯ, ಉದ್ಯೋಗ, ಸಂಸಾರ ಎಲ್ಲವನ್ನೂ ದಾಖಲಿಸಿದರು. ಮುಂದೆ ಬೇರೆ ಯುವಕರೂ ಸೇರಿದರು. ಎಂಬತ್ತು ವರ್ಷ ದಾಟಿದ ಈ ಅಧ್ಯಯನ ಕಂಡುಕೊಂಡ ಮುಖ್ಯ ಸಂಗತಿ, ಜನರೊಂದಿಗಿನ ಒಳ್ಳೆಯ ಸಂಬಂಧ ಮುಪ್ಪಿನ ಆರೋಗ್ಯವನ್ನೂ ನೆಮ್ಮದಿಯನ್ನೂ ಕಾಯುತ್ತದೆ ಎಂಬುದು. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಇನ್ನೊಂದನ್ನು ತೋರಿಸಿದ. ಹೊಸ ಸುದ್ದಿ, ಹೊಸ ಅವಕಾಶ ನಮಗೆ ತಲುಪುವುದು ಹೆಚ್ಚಾಗಿ ಆಪ್ತರಿಂದಲ್ಲ, ಅಪರೂಪಕ್ಕೆ ಸಿಗುವ ಪರಿಚಿತರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಸಹಪಾಠಿ ಅಂಥ ಅಪರೂಪದ ಪರಿಚಿತ. ಸಿದ್ದಾಪುರದ ತೋಟದವನ ಮಗಳಿಗೆ ಯಾವ ಕೋರ್ಸ್ ಒಳ್ಳೆಯದು ಎಂದು ಬೆಂಗಳೂರಿನ ಗೆಳೆಯ ಹೇಳಬಲ್ಲ. ಯಲ್ಲಾಪುರದ ಹಳೆಯ ಮನೆಯನ್ನು ರಿಪೇರಿ ಮಾಡಿಸಲು ಯಾವ ಬಡಗಿ ತಕ್ಕವನು ಎಂದು ಊರವನು ಹೇಳಬಲ್ಲ.

ಇಷ್ಟು ಸಹಪಾಠಿಗಳ ಮಾತಾಯಿತು. ಗುರುಗಳ ಬಗ್ಗೆ ಹೇಳದೆ ಈ ಭಾಷಣ ಮುಗಿಯಲಾರದು.

ಹೆಚ್ಚಿನ ಸಮ್ಮಿಲನಗಳು ಗುರುವಂದನೆಯೊಂದಿಗೇ ನಡೆಯುತ್ತವೆ. ನಿವೃತ್ತರಾದ ಅಧ್ಯಾಪಕರನ್ನು ಕಾರಿನಲ್ಲಿ ಕರೆತರುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಇದು ಚೆಂದದ ಪದ್ಧತಿ. ಆದರೆ ಒಬ್ಬೊಬ್ಬರಿಗೂ ಸನ್ಮಾನ, ಪ್ರತಿ ಸನ್ಮಾನಕ್ಕೂ ಪರಿಚಯ ಭಾಷಣ ಎಂದಾದರೆ ಮಧ್ಯಾಹ್ನದ ಊಟದ ಹೊತ್ತಾಗುತ್ತದೆ. ಎಂಬತ್ತು ದಾಟಿದವರು ವೇದಿಕೆಯ ಮೇಲೆ ದಣಿಯುತ್ತಾರೆ. ಅವರ ಮಾತಿಗೆ ಸಮಯವೇ ಉಳಿಯುವುದಿಲ್ಲ. ಅವರನ್ನು ಮೊದಲು ಮಾತಾಡಿಸಬೇಕು. ಇಂಥ ಊರುಗಳ ಮೊದಲ ತಲೆಮಾರಿನ ಅಧ್ಯಾಪಕರು ಪ್ರಯೋಗಾಲಯದಲ್ಲಿ ಸಾಮಾನಿಲ್ಲದೆ, ಗ್ರಂಥಾಲಯದಲ್ಲಿ ಪುಸ್ತಕ ಸಾಲದೆ ಕಾಲೇಜು ಕಟ್ಟಿದವರು. ಆ ಕತೆ ಅವರ ಬಾಯಿಂದಲೇ ಬರಬೇಕು. ಗಂಟೆ ಬಾರಿಸುತ್ತಿದ್ದ ಜವಾನರನ್ನೂ ಲ್ಯಾಬಿನ ಸಹಾಯಕರನ್ನೂ ಅದೇ ಸಾಲಿನಲ್ಲಿ ಕೂರಿಸುವ ಸಮ್ಮಿಲನಗಳಿವೆ. ಶುಲ್ಕ ಕಟ್ಟಲು ತಡವಾದ ಹುಡುಗನ ಕಷ್ಟ ಪ್ರಾಂಶುಪಾಲರಿಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು.

ಗುರುಗಳ ಮತ್ತು ಗೆಳೆಯರ ನೆನಪುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದಕ್ಕೆ ಬೇಸರ ಬೇಡ. ಹದಿಹರೆಯದಿಂದ ಇಪ್ಪತ್ತೈದು ಮೂವತ್ತರವರೆಗಿನ ನೆನಪುಗಳೇ ಮನುಷ್ಯನಲ್ಲಿ ದಟ್ಟವಾಗಿ ಉಳಿಯುತ್ತವೆ ಎಂದು ಮನಃಶಾಸ್ತ್ರ ಹೇಳುತ್ತದೆ. ಪ್ರತಿ ಸಲ ನೆನೆದಾಗಲೂ ಮನಸ್ಸು ನೆನಪನ್ನು ಸ್ವಲ್ಪ ಹೊಸದಾಗಿ ಕಟ್ಟುತ್ತದೆ ಎಂದು ಬ್ರಿಟನ್ನಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಬರೆದ. ಒಬ್ಬರ ನೆನಪಿನ ಬಿರುಕನ್ನು ಇನ್ನೊಬ್ಬರು ತುಂಬುವುದು ಸಮ್ಮಿಲನದಲ್ಲಿ ಮಾತ್ರ ಸಾಧ್ಯ.

ಇದು ಬರೀ ಹರಟೆಯ ವಿಷಯವಲ್ಲ. ಒಂದು ಉದಾಹರಣೆ ಕೇಳಿ. 1980ರ ಆಸುಪಾಸಿನಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಈ ಸೀಮೆ ಎದ್ದು ನಿಂತಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಅಲ್ಲಿ ಶುರುವಾಯಿತು. ಆ ವರ್ಷ ಕಾಲೇಜಿನಲ್ಲಿದ್ದವರಿಗೆ ಈಗ ಅರವತ್ತರ ಸುಮಾರು. ಆ ದಿನಗಳಲ್ಲಿ ಕಾಲೇಜಿನಲ್ಲಿ ಏನು ಮಾತಾಯಿತು, ಯಾರು ಸಭೆಗೆ ಹೋದರು, ಯಾವ ಮನೆಯಲ್ಲಿ ಅದಕ್ಕೆ ವಿರೋಧವಿತ್ತು? ಇದೆಲ್ಲ ಬರೆದಿಟ್ಟ ಚರಿತ್ರೆಯಲ್ಲಿ ಕಡಿಮೆ. ಅವರ ಬಾಯಲ್ಲಿದೆ. ಇನ್ನು ಹತ್ತು ಹದಿನೈದು ವರ್ಷ ಬಿಟ್ಟರೆ ಕೇಳಲು ಯಾರು ಸಿಗುತ್ತಾರೋ!

ಕೊನೆಯದಾಗಿ ಕೊಡುಗೆಯ ಮಾತು. ಹಳೆಯ ವಿದ್ಯಾರ್ಥಿ ಸಂಘಗಳ ಚರಿತ್ರೆ ಹಳೆಯದು. ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲೇ ಅಂಥ ಸಂಘವಿತ್ತು. ನಮ್ಮಲ್ಲಿ ಈಚೆಗೆ ಅದಕ್ಕೆ ಒತ್ತು ಬಂದದ್ದಕ್ಕೆ ನ್ಯಾಕ್ ಕೂಡ ಒಂದು ಕಾರಣ. 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕಚೇರಿ ಇರುವ ಈ ಸಂಸ್ಥೆ ಕಾಲೇಜುಗಳ ಗುಣಮಟ್ಟ ಅಳೆಯುವಾಗ ಹಳೆಯ ವಿದ್ಯಾರ್ಥಿಗಳ ಪಾಲೆಷ್ಟು ಎಂದೂ ಕೇಳುತ್ತದೆ. ಶಿರಸಿ ಮೂಲದ ಮನೆತನದ ಉದ್ಯಮಿ ನಂದನ್ ನಿಲೇಕಣಿ ತಾವು ಓದಿದ ಮುಂಬಯಿಯ ಐ.ಐ.ಟಿ.ಗೆ ಸೇರಿ ಐವತ್ತು ವರ್ಷವಾದ ನೆನಪಿಗೆ 2023ರಲ್ಲಿ ಆ ಸಂಸ್ಥೆಗೆ ಸುಮಾರು 315 ಕೋಟಿ ರೂಪಾಯಿ ಕೊಟ್ಟರು. ಅಷ್ಟು ಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ನಮ್ಮ ಸಣ್ಣ ಊರಿನ ಕಾಲೇಜಿಗೆ ಬೇಕಾದದ್ದೂ ಸಣ್ಣದೇ. ಒಬ್ಬ ವಿದ್ಯಾರ್ಥಿನಿಯ ಬಸ್ ಪಾಸ್, ಹಾಸ್ಟೆಲಿನ ಒಂದು ವರ್ಷದ ಖರ್ಚು. ಹೆಸರು ಕೆತ್ತಿದ ಕಲ್ಲಿಗಿಂತ ಇದು ಮುಖ್ಯ. ಏನು ಬೇಕೆಂದು ಕಾಲೇಜಿನವರನ್ನು ಕೇಳಿ ಕೊಡುವುದು ಇನ್ನೂ ಒಳ್ಳೆಯದು.

ಕೇಳುಗರೆ, ನಿಮ್ಮ ಬ್ಯಾಚಿನ ಸಮ್ಮಿಲನ ಈ ವರ್ಷವೋ ಮುಂದಿನ ವರ್ಷವೋ ಇದ್ದೀತು. ದಿನ ಗೊತ್ತುಮಾಡುವ ಮೊದಲು ಊರಲ್ಲಿರುವ ನಾಲ್ಕು ಜನರಿಗೆ ಫೋನ್ ಮಾಡಿ, ಕೊಯ್ಲು ಯಾವಾಗ ಮುಗಿಯುತ್ತದೆ ಎಂದು ಕೇಳಿ. ನಂಬರ್ ಸಿಗದ ಸಹಪಾಠಿನಿಯ ತವರುಮನೆಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಪೆಟ್ಟಿಗೆಯಲ್ಲಿರುವ ಗ್ರೂಪ್ ಫೋಟೋದ ಹಿಂಬದಿಗೆ ಎಲ್ಲರ ಹೆಸರು, ಊರು, ವರ್ಷ ಬರೆದು ಅದರ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಗುರುಗಳು ಮಾತಾಡುವಾಗ ಮೊಬೈಲಿನಲ್ಲಿ ದನಿ ದಾಖಲಿಸಿಕೊಂಡು ಅದನ್ನೂ ಅಲ್ಲಿಯೇ ಇಡಿಸಿ.